ಒಂದು ಮೊಳ, ಒಂದು ಗೇಣು

ಕಿಟಕಿಯ ಸಡಿಲ ಗಾಜು ಸಾರಂಗಿಯ ಒಳಗೆ ನಡುಗುತ್ತಿದೆ — ಒಳಗೆ ಎಂದರೆ ಒಳಗೇ, ಕಮಾನು ಪಂಚಮದ ಮೇಲೆ ನಿಂತ ಜಾಗದಲ್ಲೇ ಗಾಜಿನ ಗಡಗಡವೂ ಬಂದು ಕೂತು ಎರಡೂ ಒಂದೇ ವಾದ್ಯದಿಂದ ಹೊರಟಂತೆ ಕೇಳುತ್ತಿವೆ, ಇದನ್ನು ಬರೆದುಕೊಳ್ಳಬೇಕು, ಬಕ್ಕೇಶಪ್ಪ ಅಂಗಿಯ ಜೇಬಿನಿಂದ ಹಳೆಯ ಕ್ಯಾಲೆಂಡರಿನ ಹಾಳೆ ತೆಗೆದು ಅದರ ಖಾಲಿ ಬೆನ್ನಿನ ಮೇಲೆ, ತೊಡೆಯನ್ನೇ ಮೇಜು ಮಾಡಿಕೊಂಡು, ಬೆರಳುದ್ದದ ಪೆನ್ಸಿಲಿನಿಂದ ಬರೆದ: ಚಿಕ್ಕ ಹೆಡ್‌ಫೋನು, ಬಸ್ಸು, ದಾವಣಗೆರೆಯಿಂದ ಬಾತಿಯವರೆಗೆ, ಗಾಜು ಕೇಳಿಸಿತು, ಎಂಜಿನು ಕೇಳಿಸಿತು, ಕಂಡಕ್ಟರನ ಸೀಟಿ ಪೂರ್ತಿ ಕೇಳಿಸಿತು, ತಂಬೂರಿ ಕೇಳಿಸಲಿಲ್ಲ. ಅಕ್ಷರಗಳು ಅಲುಗಾಡಿವೆ, ಅಂಕಿಗಳು ಅಲುಗಾಡಿಲ್ಲ, ಅಂಕಿಗಳನ್ನು ಅವನು ಎಂದೂ ಅಲುಗಾಡಲು ಬಿಟ್ಟವನಲ್ಲ. ಹಿಂಬದಿ ತೆರೆದ ಹೆಡ್‌ಫೋನಿನ ಸ್ವಭಾವವೇ ಇದು, ಬಟ್ಟಲಿನ ಬೆನ್ನಿಗೆ ಮುಚ್ಚಳ ಇರುವುದಿಲ್ಲ, ಜಾಲರಿ ಇರುತ್ತದೆ, ಒಳಗಿನದು ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ಬರುತ್ತದೆ, ಬರಲಿ ಎಂದೇ ಅಲ್ಲವೇ ಇದನ್ನು ಹುಡುಕಿದ್ದು, ಬಸ್ಸಿನಲ್ಲಿ ಅದು ದೋಷ, ಮನೆಯಲ್ಲಿ ಅದೇ ಗುಣ, ಒಂದೇ ಅಂಕಿ ಎಡಕ್ಕೆ ಬರೆದರೆ ಕೂಡುವುದು ಬಲಕ್ಕೆ ಬರೆದರೆ ಕಳೆಯುವುದು. ಫೋನಿನ ಹದಿನೈದು ಮೆಟ್ಟಿಲ ಧ್ವನಿಯಲ್ಲಿ ಒಂಬತ್ತರಿಂದ ಹನ್ನೆರಡಕ್ಕೆ ಏರಿಸಿದ, ಗಾಜು ಹಿಂದೆ ಸರಿಯಿತು, ಸಾರಂಗಿ ಮುಂದೆ ಬಂತು, ಆಗಲೇ ಪಕ್ಕದ ಸೀಟಿನ ಹೆಂಗಸು — ಉಕ್ಕಡಗಾತ್ರಿಗೆ ಹೊರಟವಳು, ನಾಡಿದ್ದಿನ ಅಮಾವಾಸ್ಯೆಗೆ ಇವತ್ತೇ, ತೊಡೆಯ ಮೇಲೆ ಬುತ್ತಿಯ ಗಂಟು — ಅವನ ಮೊಣಕೈ ಮುಟ್ಟಿ, ಯಜಮಾನ್ರೇ, ನಿಮ್ಮ ಕಿವ್ಯಾಗ ಯಾರೋ ಅಳ್ತಾರಲ್ರಿ, ಎಂದಳು. ಅಳು ಅಲ್ಲಮ್ಮ, ಸಾರಂಗಿ, ವಾದ್ಯ. ಏನಾರ ಆಗ್ಲಿ, ಒಂದೀಟು ಸಮಾಧಾನ ಮಾಡ್ರಿ ಅದಕ್ಕ, ಬಾತಿಯಿಂದ ಅಳಕ್ಕತ್ತೈತೆ. ಮುಂದಿನ ಸೀಟಿನವರು ನಕ್ಕರು, ಅವನು ನಗಲಿಲ್ಲ, ಒಂಬತ್ತಕ್ಕೆ ಇಳಿಸಿ ಹಾಳೆಯ ಮೇಲೆ ಇನ್ನೊಂದು ಸಾಲು ಸೇರಿಸಿದ: ಸೋರಿಕೆ, ಹನ್ನೆರಡರಲ್ಲಿ, ಪಕ್ಕದ ಸೀಟಿಗೆ, ಒಂದೂವರೆ ಅಡಿ. ಅಳು ಎಂದಳು, ಇರಬಹುದು, ಆ ಸೋಮವಾರವೂ ಇದೇ ಸಾರಂಗಿ, ಇದೇ ಇಪ್ಪತ್ತೆರಡು ನಿಮಿಷದ ತೋಡಿ, ಅವನ ಕಿವಿಯೊಳಗೆ ಅಳುತ್ತಿದ್ದದ್ದು ಅದೊಂದೇ, ಹಿಂದೆ ಒಂಬತ್ತು ಅಡಿ ದೂರದಲ್ಲಿ — ಬೇಡ, ಮೊದಲು ಲೆಕ್ಕ ಮುಗಿಯಲಿ, ಹರಿಹರ ಬರುವುದರೊಳಗೆ ಚಿಕ್ಕದು ದೊಡ್ಡದು ಎರಡು ಹೆಡ್‌ಫೋನುಗಳ ಗುಣದೋಷಗಳೂ ಎರಡು ಸಾಲಿನಲ್ಲಿ ನಿಲ್ಲಬೇಕು, ಇವನ್ನು ಪರೀಕ್ಷೆಗೆ ಕೊಟ್ಟ ಅಮೀರ್ ಜಾನ್ ಮುಂದೆ ತೊದಲಬಾರದು.

ದೊಡ್ಡದು ಕಾಲಬಳಿಯ ಕೈಚೀಲದಲ್ಲಿದೆ, ಹೆಂಡತಿ ಸರ್ವಮಂಗಳಮ್ಮ ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟಿದ್ದು, ಅಡುಗೆಮನೆಯ ತಕ್ಕಡಿಯಲ್ಲಿ ಇನ್ನೂರ ತೊಂಬತ್ತು ಗ್ರಾಂ, ಚಿಕ್ಕದು ಅರವತ್ತೆರಡು, ಎಂದರೆ ನಾಲ್ಕೂವರೆಯಷ್ಟಕ್ಕಿಂತ ಸ್ವಲ್ಪ ಹೆಚ್ಚು, ಆದರೂ ಭಾರ ಕತ್ತಿಗೆ ತಿಳಿಯುವುದು ನಲವತ್ತು ನಿಮಿಷದ ಮೇಲೆ, ಚಿಕ್ಕದರ ಒತ್ತು ಕಿವಿಗೆ ತಿಳಿಯುವುದು ಇಪ್ಪತ್ತೇ ನಿಮಿಷಕ್ಕೆ. ದೊಡ್ಡದು ಮುನ್ನೂರು ಓಮ್, ಫೋನಿಗೆ ನೇರ ಸಿಕ್ಕಿಸಿದರೆ ಹದಿನೈದಕ್ಕೆ ಹದಿನೈದು ಕೊಟ್ಟರೂ ಪಿಸುಗುಟ್ಟುತ್ತದೆ, ಅದರ ಜೊತೆಗೆ ಅಮೀರ್ ಜಾನ್ ಕೊಟ್ಟ ಬೆಂಕಿಪೊಟ್ಟಣದಷ್ಟು ಆಂಪ್ಲಿಫೈಯರು ಬೇಕು, ತಂತಿ ಹತ್ತಡಿ, ಮಡಚಲು ಬಾರದು, ಮನೆ ಬಿಟ್ಟು ಕದಲುವ ಜಾತಿಯಲ್ಲ. ಆದರೆ ಸಾರಂಗಿ ಅದರಲ್ಲಿ ತಲೆಯೊಳಗೆ ಇರುವುದಿಲ್ಲ, ಎದುರಿಗೆ ಮೂರಡಿ ದೂರ ಚಾಪೆ ಹಾಸಿಕೊಂಡು ಕೂರುತ್ತದೆ, ಎಡಕ್ಕೆ ತಬಲ, ಅದರ ಹಿಂದೆ ತಂಬೂರಿ, ನಾಲ್ಕು ತಂತಿಯನ್ನೂ ಬಿಡಿಬಿಡಿಯಾಗಿ ಎಣಿಸಬಹುದು, ನಾಲ್ಕನೆಯ ನಿಮಿಷದ ಹನ್ನೊಂದನೆಯ ಸೆಕೆಂಡಿನಲ್ಲಿ ಸಭಿಕನೊಬ್ಬ ಕೆಮ್ಮುತ್ತಾನೆ, ಮೂವತ್ತು ವರ್ಷ ಕ್ಯಾಸೆಟ್ಟಿನಲ್ಲಿ ಕೇಳಿದರೂ ಆ ಕೆಮ್ಮು ಅವನಿಗೆ ಗೊತ್ತಿರಲಿಲ್ಲ. ಚಿಕ್ಕದರಲ್ಲಿ ಕೆಮ್ಮು ಇದೆ, ಕೆಮ್ಮಿದವನು ಎಲ್ಲಿ ಕೂತಿದ್ದ ಎಂಬುದಿಲ್ಲ, ತಬಲದ ಎಡಗೈ ತೆಳು, ಆದರೆ ಮಡಚಿದರೆ ಜೇಬಿಗೆ ಹೋಗುತ್ತದೆ. ಸ್ಪೀಕರು ಆಗದು, ಸರ್ವಮಂಗಳಮ್ಮನಿಗೆ ಜೋರು ಶಬ್ದ ಈಗ ಕಿವಿಗೆ ಚುಚ್ಚಿದಂತಾಗುತ್ತದೆ, ಇಪ್ಪತ್ತೊಂದು ವರ್ಷ ಹತ್ತಿಗಿರಣಿಯ ವೈಂಡಿಂಗ್ ಖಾತೆಯಲ್ಲಿ ನಿಂತು ನೂಲು ಸುತ್ತಿದವಳು, ಅದೇ ಗಿರಣಿಯ ನೂಲು ಪರೀಕ್ಷೆಯ ಕೋಣೆಯಲ್ಲಿ ಅವನು, ನೂರಿಪ್ಪತ್ತು ಗಜದ ಲಡಿ ತೂಗಿ ನೂಲು ಎಷ್ಟು ನಯ ಎಂಬ ಕೌಂಟು ಹೇಳುವವನು, ಆ ಕೋಣೆಯ ಎರಡು ಬಾಗಿಲೂ ಮುಚ್ಚಿದ್ದವು, ಗದ್ದಲ ಅವಳ ಪಾಲಿಗೆ ಬಂತು, ನಿಶ್ಶಬ್ದ ಅವನ ಪಾಲಿಗೆ. ಆದ್ದರಿಂದಲೇ ಸೊಸೆ ರೂಪಶ್ರೀ, ಮಾವಾರೆ, ಇದು ಹಾಕ್ಕಳ್ರಿ, ಅತ್ತಿಗೂ ತೊಂದರಿ ಇಲ್ಲ, ನಿಮಗೂ ಅಡ್ಡಿ ಇಲ್ಲ, ಎಂದು ಮುಚ್ಚಿದ ಬಟ್ಟಲಿನ ಹೆಡ್‌ಫೋನು ತಂದುಕೊಟ್ಟಳು, ಒಳ್ಳೆಯದೇ, ಬಾವಿಯೊಳಗೆ ಕೂತಷ್ಟು ನಿಶ್ಶಬ್ದ, ಶ್ರಾವಣದ ಮೊದಲ ಸೋಮವಾರ ಹತ್ತು ಇಪ್ಪತ್ತಕ್ಕೆ ಕಿಟಕಿಗೆ ಮುಖ ಮಾಡಿದ ಕುರ್ಚಿಯಲ್ಲಿ ಕೂತು ಅದನ್ನು ಹಾಕಿಕೊಂಡ, ಹತ್ತು ನಲವತ್ತೆರಡಕ್ಕೆ ತೆಗೆದ, ತಿರುಗಿದ. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ ಸರ್ವಮಂಗಳಮ್ಮ, ಮುಂದೆ ಹತ್ತಿಯ ತಟ್ಟೆ, ದೀಪದ ಬತ್ತಿ ಹೊಸೆಯುತ್ತಿದ್ದವಳು, ಸೋಮವಾರದ ಉಪವಾಸ, ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ತಪ್ಪಿಸಿರಲಿಲ್ಲ, ಮುಖವೆಲ್ಲ ಬೆವರು, ಕಣ್ಣು ತೆರೆದಿದ್ದರೂ ನೋಟ ಇರಲಿಲ್ಲ, ಬಲಗೈ ಮುಷ್ಟಿ ಬಿಗಿದಿತ್ತು.

ಬೆಲ್ಲ ತಿನ್ನಿಸಿದ, ಬಾಯಿಯ ಮೂಲೆಯಿಂದ ಹೊರಗೆ ಬಂತು, ಮತ್ತೆ ತಿನ್ನಿಸಿದ, ಆಟೋ, ಆಸ್ಪತ್ರೆ, ಸಕ್ಕರೆ ಮೂವತ್ತೆಂಟಕ್ಕೆ ಇಳಿದಿದೆ ಎಂದರು ಡಾಕ್ಟರು, ಇನ್ನು ಹತ್ತು ನಿಮಿಷ ತಡವಾಗಿದ್ದರೆ ಎಂದು ಶುರುಮಾಡಿ ಅವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು, ಇಪ್ಪತ್ತೆರಡರಲ್ಲಿ ಹತ್ತು ಎಷ್ಟು ಭಾಗ ಎಂದು ಅವನ ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು, ಹನ್ನೊಂದರಲ್ಲಿ ಐದು. ನರ್ಸು ಸೂಜಿ ಹಾಕಲು ಬಲಗೈಯ ಮುಷ್ಟಿ ಬಿಡಿಸಿದಳು, ಒಳಗೆ ಹತ್ತಿ, ಅದನ್ನು ಬುಟ್ಟಿಗೆ ಎಸೆದಳು. ಸಂಜೆ ಎಚ್ಚರ ತಿಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ, ಕರೆದೆಯಾ? ಅವಳು ತಲೆಯಾಡಿಸಿ ಎರಡು ಬೆರಳು ಎತ್ತಿದಳು. ಎರಡು ಸಲ. ಎರಡು ಸಲ ಕರೆದಿದ್ದಾಳೆ, ಅವನು ಬಾವಿಯೊಳಗೆ ಕೂತು ಕೋಮಲ ಗಾಂಧಾರ ಎಷ್ಟು ಕೆಳಗೆ ನಿಂತಿದೆ ಎಂದು ಅಳೆಯುತ್ತಿದ್ದ. ಮನೆಗೆ ಬಂದವನು ಮುಚ್ಚಿದ ಹೆಡ್‌ಫೋನನ್ನು ಪೆಟ್ಟಿಗೆಗೆ ಹಾಕಿ ಪೆಟ್ಟಿಗೆಗೆ ದಾರ ಕಟ್ಟಿ ಅಟ್ಟಕ್ಕೆ ಏರಿಸಿದ, ದಾರದ ಗಂಟು ಎರಡು, ಅದೇ ಹೊತ್ತಿಗೆ ಕುರ್ಚಿಯ ಹಿಂದೆ ಕೆಂಪು ಗಾರೆಯ ನೆಲದ ಮೇಲೆ ಎರಡು ಬತ್ತಿ ಬಿದ್ದದ್ದು ಕಂಡು ಎತ್ತಿಕೊಂಡ, ಒಂದು ಕುರ್ಚಿಯಿಂದ ಮೊಳದಷ್ಟು ಹಿಂದೆ, ಇನ್ನೊಂದು ಗೇಣಿನಷ್ಟು, ಗಾಳಿಗೆ ಉರುಳಿ ಬಂದಿರಬೇಕು, ಬತ್ತಿಗೆ ಇರಬೇಕಾದ ಬಾಲವೂ ಇರಲಿಲ್ಲ, ಬಿಗಿಯಾದ ಉಂಡೆ, ಒದ್ದೆಯಾಗಿ ಒಣಗಿದ್ದು, ತಲೆ ತಿರುಗುವಾಗ ಹೊಸೆದದ್ದು ಹೀಗೆ ಕೆಟ್ಟಿದೆ ಎಂದುಕೊಂಡ, ಆದರೂ ಹತ್ತಿ ಹತ್ತಿಯೇ, ಬಿಡಿಸಿ ಮತ್ತೆ ಹೊಸೆಯಬಹುದು, ಬತ್ತಿಯ ಡಬ್ಬಿಗೆ ಹಾಕಿದ. ಹದಿನಾಲ್ಕು ದಿನ ಏನೂ ಕೇಳಲಿಲ್ಲ. ಹದಿನೈದನೆಯ ದಿನ ಅವಳೇ, ರೀ, ಹಿಂಗ ನನ್ನ ಮುಂದ ಗೂಟ ಬಡಿದಂಗ ಕುಂತ್ರೆ ನನಗ ಇನ್ನೊಂದು ರೋಗ ಬರ್ತೈತೆ, ಅಮೀರ್ ಜಾನ್ ಹತ್ರ ಹೋಗಿ ಕೇಳ್ರಿ, ಹಾಡೂ ಕೇಳ್ಬೇಕು ಹೇಣ್ತಿ ಕೂಗೂ ಕೇಳ್ಬೇಕು ಅಂಥದ್ದು ಏನಾರ ಐತೇನು ಅಂತ. ಇತ್ತು. ಅಮೀರ್ ಜಾನ್ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು, ಗಿರಣಿ ಮುಚ್ಚಿದ ಮೇಲೆ ಹರಿಹರದಲ್ಲಿ ರೇಡಿಯೊ ರಿಪೇರಿಯ ಅಂಗಡಿ ಇಟ್ಟವನು, ಎರಡು ತೆಗೆದು ಮುಂದಿಟ್ಟು, ಹತ್ತು ದಿನ ಇಟ್ಕಳ್ರಿ, ತೂಗ್ರಿ, ಅಳೀರಿ, ನಿಮ್ಮ ಸ್ವಭಾವ ನನಗ ಗೊತ್ತಿಲ್ಲೇನು, ಒಂದು ಇಟ್ಕಂಡು ಒಂದು ವಾಪಸ್ ತರ್ರಿ, ಎಂದ.

ಬಸ್ಸು ನಿಂತಿತು, ಯಾರೋ ಕೋಳಿಯ ಬುಟ್ಟಿ ಹತ್ತಿಸಿದರು, ಕೋಳಿಯೂ ಸಾರಂಗಿಯೊಳಗೆ ಬಂತು, ಬರಲಿ. ಒಳಗೆ ಬರುವ ಶಬ್ದದ ಪರೀಕ್ಷೆಯೇ ಮುಖ್ಯ, ಅದನ್ನು ಅವನು ಅಂದಾಜಿಗೆ ಬಿಡಲಿಲ್ಲ, ಭಾನುವಾರ ಶಾಲೆಯಲ್ಲಿ ಕಲಿಸುವ ರೂಪಶ್ರೀಗೆ ರಜ, ಅವಳು ಅಡುಗೆಮನೆಯ ಬಾಗಿಲಲ್ಲಿ ಸರಿಯಾಗಿ ಒಂಬತ್ತು ಅಡಿ ದೂರ ನಿಂತು ಹದಿನೇಳರ ಮಗ್ಗಿಯನ್ನು ಹಿಂದುಮುಂದಾಗಿ ಹೇಳಬೇಕು, ಎಂಬತ್ತೈದು, ನೂರ ಮೂವತ್ತಾರು, ಐವತ್ತೊಂದು, ಮನಸ್ಸಿಗೆ ಬಂದದ್ದು, ಇಪ್ಪತ್ತು ಸಲ, ಅವನು ಬೆನ್ನು ತಿರುಗಿಸಿ ಕೂತು ಸಾರಂಗಿಯ ನಡುವೆ ಕೇಳಿಸಿದ್ದನ್ನು ಬರೆದುಕೊಳ್ಳಬೇಕು, ಆಮೇಲೆ ತಾಳೆ ನೋಡಬೇಕು. ಮಾವಾರೆ, ಮಾತಾಡೋ ದನಿಯಾಗ ಹೇಳ್ಲೋ ಕೂಗ್ಲೋ? ಮಾತಾಡುವ ದನಿ, ಕೂಗು ಯಾರಿಗಾದರೂ ಕೇಳಿಸುತ್ತದೆ. ದೊಡ್ಡದರಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು, ಚಿಕ್ಕದರಲ್ಲಿ ಹದಿನೆಂಟು, ಹೋಲಿಕೆ ಪೂರ್ತಿಯಾಗಲಿ ಎಂದು ಅಟ್ಟದ ಪೆಟ್ಟಿಗೆ ಇಳಿಸಿ ಎರಡು ಗಂಟು ಬಿಚ್ಚಿ ಮುಚ್ಚಿದ್ದನ್ನೂ ಹಾಕಿಕೊಂಡ, ಮೂರು. ಮೂರು ಎಂದು ಬರೆಯುವಾಗ ಪೆನ್ಸಿಲಿನ ಮೊನೆ ಮುರಿಯಿತು. ಸರ್ವಮಂಗಳಮ್ಮ ಅಲ್ಲೇ ಚಾಪೆಯ ಮೇಲೆ ಬತ್ತಿ ಹೊಸೆಯುತ್ತ ಕೂತು ಎಲ್ಲವನ್ನೂ ನೋಡುತ್ತಿದ್ದಳು, ಬಾಯಿಯ ತುದಿಯಲ್ಲಿ ನಗು, ನಾನೂ ಒಂದು ಸಲ ಕರೀಲೇನ್ರಿ, ಎಂದಳು. ಅವನು, ನೀನು ಸುಮ್ಮನೆ ಕೂತಿರು, ದಣಿಯಬೇಡ, ಎಂದ. ಅವಳು ಮುಂದಿನ ಬತ್ತಿಗೆ ಹತ್ತಿ ಎಳೆದಳು. ರೋಗಿಯ ಗಂಟಲನ್ನು ಪರೀಕ್ಷೆಗೆ ಹಚ್ಚುವುದು ಸರಿಯಲ್ಲ, ಹೆಣ್ಣುದನಿ ಹೆಣ್ಣುದನಿಯೇ, ಅಂಕಿ ಸ್ಪಷ್ಟವಾಗಿದೆ, ಮನೆಗೆ ದೊಡ್ಡದು, ಬಸ್ಸಿಗೆ ತೆರೆದ ಜಾತಿಯೇ ಬೇಡ, ಬಸ್ಸಿನಲ್ಲಿ ಅವನನ್ನು ಕರೆಯುವವರು ಯಾರಿದ್ದಾರೆ, ಆದ್ದರಿಂದ ಚಿಕ್ಕದು ವಾಪಸ್, ನಾಳೆಯಿಂದ ದಿನಕ್ಕೆ ಇಪ್ಪತ್ತೆರಡು ನಿಮಿಷ, ಕುರ್ಚಿ ಅದೇ ಜಾಗದಲ್ಲಿ, ಕಿಟಕಿಗೆ ಮುಖ, ಅವಳು ಹಿಂದೆ ಒಂಬತ್ತು ಅಡಿಯಲ್ಲಿ, ಇಪ್ಪತ್ತಕ್ಕೆ ಹತ್ತೊಂಬತ್ತರ ಭರವಸೆ, ಎರಡು ಸಲ ಕರೆದರೆ ಎರಡೂ ತಪ್ಪುವ ಸಂಭವ ನಾನೂರಕ್ಕೆ ಒಂದು. ನಾನೂರಕ್ಕೆ ಒಂದು ಎಂದು ಬರೆದು ಕೆಳಗೆ ಗೆರೆ ಎಳೆದ. ಬಸ್ಸು ಹರಿಹರದ ನಿಲ್ದಾಣಕ್ಕೆ ಹೊರಳಿತು, ಉಕ್ಕಡಗಾತ್ರಿಯ ಹೆಂಗಸು ಗಂಟು ಎತ್ತಿಕೊಂಡು, ಬರ್ತೀನ್ರಿ ಯಜಮಾನ್ರೇ, ಅದಕ್ಕ ಇನ್ನ ಮ್ಯಾಲಾದ್ರೂ ನಗಸ್ರಿ, ಎಂದು ಇಳಿದಳು.

ಅಮೀರ್ ಜಾನ್‌ನ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ, ಬೀದಿಗೆ ಒಂದು ಬಾಗಿಲು, ಒಳಮನೆಗೆ ಒಂದು ಬಾಗಿಲು, ನಡುವೆ ಮೇಜು, ಬಿಚ್ಚಿದ ರೇಡಿಯೊಗಳು, ಬೆಸುಗೆಯ ಹೊಗೆ, ಪಕ್ಕದ ಹಿಟ್ಟಿನ ಗಿರಣಿ ಕಿವಿ ಒಡೆಯುವಂತೆ ಓಡುತ್ತಿದೆ. ಬರ್ರಿ ಬಕ್ಕೇಶಪ್ಪಣ್ಣ, ಕೂಡ್ರಿ, ತೀರ್ಪು ಆತೇನು? ಆಯಿತು ಎಂದು ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದ, ಭಾರ, ಓಮ್, ಸೋರಿಕೆ, ಕೆಮ್ಮು, ಹತ್ತೊಂಬತ್ತು, ಹದಿನೆಂಟು, ಮೂರು, ಅಮೀರ್ ಜಾನ್ ಕನ್ನಡಕ ಹಣೆಗೇರಿಸಿ ಓದಿ, ಕಂಪನಿಯೋರೂ ಇಷ್ಟು ಬರೆದಿರಂಗಿಲ್ಲ ನೋಡ್ರಿ, ಎಂದು ನಕ್ಕ, ಚಿಕ್ಕದನ್ನು ಬಿಚ್ಚಿ ತಂತಿ ನೋಡಲು ಬಾಗಿದ, ಒಳಬಾಗಿಲಿಗೆ ಬೆನ್ನು. ಆಗ ಒಳಬಾಗಿಲಲ್ಲಿ ಮೆಹರ್ ಬಾನು, ಅಮೀರ್ ಜಾನ್‌ನ ಹೆಂಡತಿ, ಸರ್ವಮಂಗಳಮ್ಮನ ಪಕ್ಕದ ಯಂತ್ರದಲ್ಲಿ ಹದಿನೆಂಟು ವರ್ಷ ನಿಂತವಳು, ಬಂದು ನಿಂತಳು, ಗಂಡನನ್ನು ಕರೆಯಲಿಲ್ಲ, ಕೈಯಲ್ಲಿದ್ದ ಒರೆಸುಬಟ್ಟೆಯಿಂದ ಒಂದು ಚಿಂದಿ ಹರಿದು ಬಾಯಲ್ಲಿ ಒದ್ದೆ ಮಾಡಿ ಉಂಡೆ ಕಟ್ಟಿ ಎಸೆದಳು, ಅದು ಅಮೀರ್ ಜಾನ್‌ನ ಹಿಂದೆ ಬಿತ್ತು, ಇನ್ನೊಂದು, ಅದು ಅವನ ಸ್ಟೂಲಿನ ಕಾಲ ಬಳಿ, ಮೂರನೆಯದು ಹೆಗಲಿಗೆ ಬಡಿಯಿತು, ಅಮೀರ್ ಜಾನ್ ಸಹಜವಾಗಿ ತಿರುಗಿದ, ಅವಳು ತುಟಿ ಆಡಿಸಿದಳು, ದನಿಯೇ ಇಲ್ಲ, ಅವನು, ಎರಡು ಚಾ, ಸಕ್ಕರಿ ಒಂದಕ್ಕೆ ಕಮ್ಮಿ, ಎಂದ. ಬಕ್ಕೇಶಪ್ಪ ನೆಲದ ಮೇಲೆ ಬಿದ್ದ ಚಿಂದಿಯ ಉಂಡೆಗಳನ್ನು ನೋಡುತ್ತಿದ್ದ. ಇದೇನು ಎಂದು ಕೇಳಿದ. ಏನಿಲ್ರಿ, ಅಮೀರ್ ಜಾನ್ ನಕ್ಕ, ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆತು, ಹಿಟ್ಟಿನ ಗಿರಣಿ ಸದ್ದಾತು ಅಂದ್ರ ಇಕಿ ಇನ್ನೂ ಅಲ್ಲೇ ನಿಂತಿರ್ತಾಳ, ಆ ಗದ್ದಲದಾಗ ಕೂಗಿದ್ರ ಯಾರಿಗೆ ಕೇಳ್ತಿತ್ತು, ಹತ್ತಿ ಕಸ ಉಂಡಿ ಮಾಡಿ ಒಗೆಯೋದು, ತಿರುಗಿದ ಮ್ಯಾಲೆ ತುಟಿಲೆ ಮಾತು. ಮೆಹರ್ ಬಾನು ಸೆರಗು ಸರಿಪಡಿಸಿಕೊಂಡು, ಅಣ್ಣಾರೆ, ನಿಮಗ ಗೊತ್ತಿಲ್ಲೇನ್ರಿ, ಇದು ಮಂಗಳಕ್ಕನೇ ಕಲಿಸಿದ್ದು ನನಗ, ಮೊದಲ್ನೇದು ದೂರ ನೋಡಾಕ, ಎರಡ್ನೇದು ಹತ್ರ ಮಾಡಾಕ, ಮೂರ್ನೇದು ಬಡ್ಯಾಕ, ಆಕಿದು ಮೂರ್ನೇದು ಎಂದೂ ತಪ್ಪಿದ್ದಿಲ್ಲ.

ಗೊತ್ತಿಲ್ಲವೇ, ಗೊತ್ತಿತ್ತು, ಮದುವೆಯಾದ ಎರಡನೆಯ ತಿಂಗಳು, ಅವನು ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದಾಗ ಬೆನ್ನಿಗೆ ಏನೋ ಮೆತ್ತಗೆ ತಾಗಿತು, ತಿರುಗಿದರೆ ಬಾಗಿಲಲ್ಲಿ ಅವಳು, ತುಟಿ ಆಡುತ್ತಿದೆ, ದನಿಯಿಲ್ಲ, ಅವನು ಬ್ಲೇಡು ಕೆಳಗಿಟ್ಟು, ಇದು ಮನೆ, ಗಿರಣಿಯ ಖಾತೆಯಲ್ಲ, ಬಾಯಿಯಿಲ್ಲವೇ ನಿನಗೆ, ಎಂದಿದ್ದ, ಅವಳು ಮತ್ತೆಂದೂ ಎಸೆಯಲಿಲ್ಲ, ನಲವತ್ತಾರು ವರ್ಷ ಬಾಯಿಂದಲೇ ಕರೆದಳು, ಅವನು ಅದನ್ನು ಮರೆತೇಬಿಟ್ಟ, ಗೆದ್ದ ಮಾತನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ. ಗಾಳಿಗೆ ಉರುಳಿ ಬಂದವು ಎಂದುಕೊಂಡಿದ್ದನಲ್ಲ — ಗಾಳಿ ಬರುವುದು ಕಿಟಕಿಯಿಂದ ಅಡುಗೆಮನೆಯ ಕಡೆಗೆ, ಬತ್ತಿ ಬಂದದ್ದು ಅಡುಗೆಮನೆಯಿಂದ ಕಿಟಕಿಯ ಕಡೆಗೆ, ದಿಕ್ಕಿನ ಲೆಕ್ಕ, ಮೂರನೆಯ ತರಗತಿಯ ಮಕ್ಕಳಿಗೆ ಬರುವಂಥದ್ದು. ಒದ್ದೆ ಮಾಡಿದ ಉಂಡೆ, ಕೆಟ್ಟ ಬತ್ತಿಯಲ್ಲ, ಆಸ್ಪತ್ರೆಯಲ್ಲಿ ಅವಳು ಎತ್ತಿದ ಎರಡು ಬೆರಳು ಈ ಎರಡನ್ನೇ. ಪರೀಕ್ಷೆಯ ಕೋಣೆಯಲ್ಲಿ ಹೊಸಬರಿಗೆ ಅವನೇ ಹೇಳುತ್ತಿದ್ದ, ಯಾವ ಕದಿರಿನ ಮೇಲೆ ದೂರು ಬಂದಿದೆಯೋ ಅದೇ ಕದಿರಿನ ನೂಲು ತೂಗು, ಪಕ್ಕದ್ದನ್ನು ಎಷ್ಟು ಸರಿಯಾಗಿ ತೂಗಿದರೂ ತೂಗಿದ್ದು ಪಕ್ಕದ್ದನ್ನೇ, ಒಬ್ಬನಿಗೆ ಅದಕ್ಕಾಗಿ ಒಂದು ವಾರ ಮುಖ ಕೊಟ್ಟು ಮಾತಾಡಿರಲಿಲ್ಲ, ಈಗ ಇಪ್ಪತ್ತು ಸಲ ಸೊಸೆಯ ದನಿ ತೂಗಿ, ನಾನೂ ಒಂದು ಸಲ ಕರೀಲೇನ್ರಿ ಎಂದವಳನ್ನು ಸುಮ್ಮನೆ ಕೂರಿಸಿ, ಹತ್ತೊಂಬತ್ತು ಎಂದು ಬರೆದಿದ್ದಾನೆ, ನಾನೂರಕ್ಕೆ ಒಂದು ಎಂದು ಗೆರೆ ಎಳೆದಿದ್ದಾನೆ. ತೆರೆದದ್ದು, ಮುಚ್ಚಿದ್ದು, ಮುನ್ನೂರು ಓಮ್, ಅರವತ್ತೆರಡು ಗ್ರಾಂ, ಯಾವ ಜಾಲರಿಯ ಮೂಲಕ ಹತ್ತಿಯ ಉಂಡೆ ನೆಲಕ್ಕೆ ಬಿದ್ದದ್ದು ಕೇಳಿಸುತ್ತದೆ, ಬರಿಗಿವಿಗೂ ಕೇಳಿಸುವುದಿಲ್ಲ, ಅವನು ಏನನ್ನೂ ಹಾಕಿಕೊಳ್ಳದೆ ಕೂತಿದ್ದರೂ ಕಿಟಕಿಗೆ ಮುಖ ಮಾಡಿದವನಿಗೆ — ಕುರ್ಚಿ, ಕುರ್ಚಿಯನ್ನು ತಿರುಗಿಸಿದ್ದರೆ ಸಾಕಿತ್ತು, ಕುರ್ಚಿಯನ್ನು ಅವನು ಪರೀಕ್ಷೆಗೆ ಸೇರಿಸಿರಲೇ ಇಲ್ಲ. ಚಹಾ ಬಂದಿದೆ, ಮೇಜಿನ ಮೇಲಿದೆ, ಕೆನೆ ಕಟ್ಟುತ್ತಿದೆ. ಬಕ್ಕೇಶಪ್ಪಣ್ಣ, ಯಾವ್ದು ಕಟ್ಲಿ, ಎಂದು ಅಮೀರ್ ಜಾನ್ ಕೇಳುತ್ತಿದ್ದಾನೆ, ಮತ್ತೊಮ್ಮೆ ಕೇಳುತ್ತಿದ್ದಾನೆ, ಇವನ ಕಿವಿಯ ಮೇಲೆ ಏನೂ ಇಲ್ಲ. ಕೆಂಪು ಗಾರೆಯ ನೆಲ, ಕುರ್ಚಿಯ ಹಿಂಗಾಲು, ಅಲ್ಲಿಂದ ಒಂದು ಮೊಳ ಹಿಂದೆ ಒಂದು ಬಿಳಿ ಉಂಡೆ, ದೂರ ನೋಡಲು, ಒಂದು ಗೇಣು ಹಿಂದೆ ಇನ್ನೊಂದು, ಹತ್ತಿರ ಮಾಡಲು, ಮೊಳದಲ್ಲಿ ಗೇಣು ಕಳೆದರೆ ಗೇಣು, ಗೇಣಿನಲ್ಲಿ ಗೇಣು ಕಳೆದರೆ ಅವನ ಬೆನ್ನು, ಶ್ರೇಢಿ ಸರಿಯಾಗಿಯೇ ಬರುತ್ತಿತ್ತು, ಎಂದೂ ತಪ್ಪಿದ್ದಿಲ್ಲ, ಮೂರನೆಯದು ಎಲ್ಲಿ, ಮೂರನೆಯದು ನೆಲದ ಮೇಲೆ ಇರಲಿಲ್ಲ, ನರ್ಸು ಒಂದೊಂದೇ ಬೆರಳು ಬಿಡಿಸುತ್ತಿದ್ದಾಳೆ, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಒಳಗೆ ಬಿಳಿ, ಒದ್ದೆ, ಉಂಡೆ ಕಟ್ಟಿದ್ದು, ಎಸೆಯಲು ಸಿದ್ಧವಾದದ್ದು, ಒಂದು ಮೊಳ, ಒಂದು ಗೇಣು, ಮುಷ್ಟಿ.